ಕೈಪಟ್ಟಿಗೆ ಕಿವಿಯಿಲ್ಲ

ಪ್ರಿಯರೇ,

2025ರ ಜನವರಿಯಲ್ಲಿ ಅಹಮದಾಬಾದಿನಲ್ಲಿ ನಡೆದ ಬ್ರಿಟನ್ನಿನ ಕೋಲ್ಡ್‌ಪ್ಲೇ ಸಂಗೀತ ತಂಡದ ಕಾರ್ಯಕ್ರಮಕ್ಕೆ ಹೋಗಿಬಂದು, ಪ್ರೇಕ್ಷಕರ ಕೈಯಲ್ಲಿ ಹೊಳೆಯುವ ಪಟ್ಟಿ ಮತ್ತು ಲೈಟ್‌ಸ್ಟಿಕ್ ಎಂಬ ಬೆಳಕಿನ ಕೋಲುಗಳ ಕುರಿತು ನೀವು ಬರೆದ ಲೇಖನ ತಲುಪಿದೆ. ಭಾಷೆ ಸಲೀಸಾಗಿದೆ. ಉಡುಪಿಯಿಂದ ಹೊರಟ ರೈಲಿನ ವರ್ಣನೆಯೂ ಚೆನ್ನಾಗಿದೆ. ನನ್ನ ನಿದ್ದೆ ಕೆಡಿಸಿದ್ದು ಎರಡನೆಯ ಪುಟ.

‘ಸಂಗೀತವನ್ನು ಆಲಿಸಿ ಪಟ್ಟಿಗಳು ತಾವಾಗಿಯೇ ಬಣ್ಣ ಬದಲಿಸಿದವು’ ಎಂದಿದ್ದೀರಿ. ಯಾವುದರಿಂದ ಆಲಿಸಿದವು ಮಾರಾಯರೇ? ಅದರೊಳಗೆ ಇರುವುದು ಪುಟ್ಟ ಬ್ಯಾಟರಿ, ಎಲ್‌ಇಡಿ, ಸಂಕೇತ ಹಿಡಿಯುವ ರಿಸೀವರ್, ಅದನ್ನು ಓದುವ ಚಿಪ್. ಯಾವ ಹಾಡಿನ ಯಾವ ಸಾಲಿಗೆ ಯಾವ ಬಣ್ಣ ಎಂದು ಬೆಳಕಿನ ವಿನ್ಯಾಸಕರು ಮೊದಲೇ ಗೊತ್ತು ಮಾಡಿರುತ್ತಾರೆ. ಅದನ್ನು ಹೊತ್ತಿಗೆ ಸರಿಯಾಗಿ ಹರಿಯಬಿಡಲು ಬೆಳಕನ್ನು ನಿಯಂತ್ರಿಸುವ ಕನ್ಸೋಲಿನ ಮುಂದೆ ಜನರಿರುತ್ತಾರೆ. ‘ತಾವಾಗಿಯೇ’ ಎಂದು ಬರೆದು ಅವರೆಲ್ಲರನ್ನೂ ಮನೆಗೆ ಕಳುಹಿಸಿದ್ದೀರಿ.

ನಾನು ಮಂಗಳೂರಿನಲ್ಲಿ ಪತ್ರಿಕೆಯ ಕೆಲಸ ಕಲಿಯುತ್ತಿದ್ದಾಗ ಹಿರಿಯ ಉಪಸಂಪಾದಕರೊಬ್ಬರು ನನ್ನನ್ನು ಯಕ್ಷಗಾನದ ಆಟಗಳಿಗೆ ಅಟ್ಟುತ್ತಿದ್ದರು. ಮಹಿಷಾಸುರ ಹೇಗೆ ಬಂದ ಎಂದು ಅವರು ಕೇಳಿದವರಲ್ಲ. ದೊಂದಿ ಹಿಡಿದವರು ಎಷ್ಟು ಮಂದಿ, ಬೆಂಕಿ ಭುಗಿಲೇಳಲು ರಾಳ ಎರಚಿದವನು ಎಲ್ಲಿ ನಿಂತಿದ್ದ, ಯಾರ ಸನ್ನೆಗೆ ಕಾಯುತ್ತಿದ್ದ? ಉತ್ತರವಿಲ್ಲದಿದ್ದರೆ ವರದಿ ಮೇಜಿನ ಆ ಬದಿಯಿಂದ ಈ ಬದಿಗೆ ಜಾರಿ ಬರುತ್ತಿತ್ತು. ಚಹಾ ಕೂಡ ಸಿಗುತ್ತಿರಲಿಲ್ಲ.

ಮುಂದಿನ ಸಾಲು: ‘ಪ್ರತಿ ಪಟ್ಟಿಯೂ ಕಂಪ್ಯೂಟರಿನೊಂದಿಗೆ ಸಂವಾದ ನಡೆಸುತ್ತದೆ.’ ಸಾವಿರಾರು ಪಟ್ಟಿಗಳು ಉತ್ತರ ಕೊಡತೊಡಗಿದರೆ ಗದ್ದಲವೇ ಆದೀತು. ಇದು ಏಕಮುಖ. ಜಾತ್ರೆಯಲ್ಲಿ ‘ಕೆಎ 20, ಬಿಳಿ ಕಾರಿನವರು ಗಾಡಿ ತೆಗೆಯಿರಿ’ ಎಂದು ಮೈಕಿನಲ್ಲಿ ಕೂಗಿದರೆ ಕೇಳುವುದು ಎಲ್ಲರಿಗೂ, ಏಳುವುದು ಆ ಕಾರಿನವರು ಮಾತ್ರ. ರೇಡಿಯೊ ಸಂಕೇತವೂ ಹಾಗೆಯೇ ಇಡೀ ಕ್ರೀಡಾಂಗಣಕ್ಕೆ ಹೋಗುತ್ತದೆ. ಯಾವ ಗುಂಪಿಗೆ ಆಜ್ಞೆಯೋ ಆ ಗುಂಪು ಬೆಳಗುತ್ತದೆ.

‘ತಾನೆಲ್ಲಿದ್ದೇನೆಂದು ಪ್ರತಿಯೊಂದಕ್ಕೂ ತಿಳಿದಿರುತ್ತದೆ.’ ಇಲ್ಲಿ ನೀವು ಎರಡು ಬೇರೆ ವಿಧಾನಗಳನ್ನು ಒಂದೇ ಪಾತ್ರೆಗೆ ಸುರಿದಿದ್ದೀರಿ. ಕೊರಿಯಾದ ಪಾಪ್ ತಂಡಗಳ ಲೈಟ್‌ಸ್ಟಿಕ್‌ಗಳಿಗೆ ಅಭಿಮಾನಿಗಳೇ ಮೊಬೈಲ್ ಆ್ಯಪ್‌ನಿಂದ ಬ್ಲೂಟೂತ್ ಮೂಲಕ ಟಿಕೆಟಿನ ಆಸನ ಸಂಖ್ಯೆ ತುಂಬಿಸುತ್ತಾರೆ. ಆಮೇಲೆ ಕೋಲು ಹಿಡಿದು ಬೇರೆ ಕಡೆ ಹೋಗಿ ಕುಳಿತರೂ ಅದು ಹಳೆಯ ಆಸನದ ಬಣ್ಣವನ್ನೇ ತೋರಿಸುತ್ತದೆ. ಅದಕ್ಕೆ ತಿಳಿದಿರುವುದು ಅಷ್ಟೇ. ಮಾಂಟ್ರಿಯಲ್‌ನ ಪಿಕ್ಸ್‌ಮಾಬ್ ಕಂಪನಿ ಹೆಸರಾಗಿರುವ ಅವಕೆಂಪು (ಇನ್‌ಫ್ರಾರೆಡ್) ವಿಧಾನದಲ್ಲಿ ಅಷ್ಟೂ ಬೇಕಿಲ್ಲ. ಟಿವಿ ರಿಮೋಟಿನಲ್ಲಿರುವಂಥದ್ದೇ ಕಾಣದ ಬೆಳಕನ್ನು ಪ್ರೊಜೆಕ್ಟರಿನಿಂದ ಪ್ರೇಕ್ಷಕರ ಮೇಲೆ ಹಾಯಿಸುತ್ತಾರೆ. ಅದು ಬಿದ್ದ ಕಡೆಯ ಪಟ್ಟಿಗಳು ಬಣ್ಣ ಬದಲಿಸುತ್ತವೆ. ಅಂಗೈಯಿಂದ ಪೂರ್ತಿ ಮುಚ್ಚಿದರೆ ಅವಕೆಂಪು ಸಂಕೇತ ಒಳಗೆ ಬಾರದು. ರೇಡಿಯೊಗೆ ಅಂಗೈ ಒಂದು ತಡೆಯೇ ಅಲ್ಲ. ಕೋಲ್ಡ್‌ಪ್ಲೇ ತಂಡವೇ 2012ರ ಪ್ರವಾಸದಲ್ಲಿ ಹಂಚಿದ ಜೈಲೋಬ್ಯಾಂಡ್ ಎಂಬ ಪಟ್ಟಿ ರೇಡಿಯೊದ್ದು. ನೀವು ಕಟ್ಟಿಕೊಂಡದ್ದು ಯಾವ ಬಗೆಯದು? ಒಮ್ಮೆಯಾದರೂ ಕೈ ಮುಚ್ಚಿ ನೋಡಿದಿರಾ? ಲೇಖನದಲ್ಲಿ ಎಲ್ಲೂ ಇಲ್ಲ.

ಮೊದಲ ಪುಟವನ್ನು ಮುಟ್ಟಬೇಡಿ. ಎರಡನೆಯದನ್ನು ಹರಿದು, ಕನ್ಸೋಲಿನಿಂದ ನಿಮ್ಮ ಮಣಿಕಟ್ಟಿನವರೆಗೆ ಸಂಕೇತ ಬಂದ ದಾರಿಯನ್ನು ಬರೆದು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ನಿಮಗಾಗಿ ಖಾಲಿ ಇಟ್ಟಿದ್ದೇನೆ. ತಡವಾದರೆ ಅಲ್ಲಿ ಅಡುಗೆ ಅಂಕಣ ಹೋಗುತ್ತದೆ.

— ಸಂಪಾದಕ