ಗಿಡಮರ ಪ್ರಶ್ನೋತ್ತರ: ಬಿಳಿ ತೊಗಟೆಯ ಬರ್ಚ್ ಪುಣೆಯಲ್ಲಿ ಬರುತ್ತಾ?

ಪ್ರಶ್ನೆ: ಮನಾಲಿ ಕಡೆ ಬಿಳಿ ಕಾಂಡದ ಬರ್ಚ್ ನೋಡಿ ಮನಸೋತಿದ್ದೀವಿ. ಮುಳಶಿ ಹತ್ರ ನಮ್ಮ ಫಾರ್ಮ್‌ಹೌಸ್ ಗೇಟಿಗೆ ಸಾಲಾಗಿ ಹಾಕೋಣ ಅಂತ ಆಸೆ, ಆನ್‌ಲೈನ್‌ನಲ್ಲಿ ಸಸಿ ಸಿಗ್ತಿದೆ, ತರಿಸ್ಲಾ?
— ಓದುಗರು, ಕೋಥ್ರೂಡ್

ಉತ್ತರ: ದಯವಿಟ್ಟು ತರಿಸ್ಬೇಡಿ. ನೀವು ನೋಡಿದ್ದು ನಮ್ಮ ಭೂರ್ಜ ವೃಕ್ಷವೇ ಇರ್ಬೇಕು, ಹಿಂದೆ ಕಾಶ್ಮೀರದಲ್ಲಿ ಗ್ರಂಥ ಬರೀತಿದ್ದ ಭೂರ್ಜಪತ್ರ ಅದರ ತೊಗಟೆನೇ, ಅದು ಹಿಮಾಲಯದಲ್ಲಿ ಸುಮಾರು 3000 ಮೀಟರ್ ಮೇಲೆ, ಮರಗಳ ಗಡಿ ಮುಗಿಯೋ ಕಡೆ ಬೆಳೆಯೋದು. ಪುಣೆ ಇರೋದು 560 ಮೀಟರ್ ಆಸುಪಾಸು. ನಮ್ಮ ಡಿಸೆಂಬರ್ ಚಳಿ ನಮಗೆ ಸ್ವೆಟರ್ ಹಾಕಿಸುತ್ತೆ ನಿಜ, ಆದ್ರೆ ಆ ಮರಕ್ಕೆ ತಿಂಗಳುಗಟ್ಟಲೆ ನಿದ್ದೆ ಹೋಗೋವಷ್ಟು ಶೀತ ಬೇಕು. ಅದರ ಮೇಲೆ ಬೇರು ತೀರಾ ಮೇಲ್ಪದರದಲ್ಲೇ ಹರಡೋದ್ರಿಂದ ನೆಲ ತಂಪಾಗಿ ತೇವವಾಗಿ ಇರ್ಬೇಕು, ಏಪ್ರಿಲ್‌ನಲ್ಲಿ 38-40 ಡಿಗ್ರಿ ಬಿಸಿಲಿಗೆ ಮುರುಮ್ (ಗರಸು ಮಣ್ಣು) ಕಾದ್ರೆ ನೀವು ಎಷ್ಟು ನೀರು ಹಾಕಿದ್ರೂ ಆ ತಂಪು ಬರಲ್ಲ.

ಬಿಳಿ ಕಾಂಡವೇ ಬೇಕು ಅಂದ್ರೆ ಸಹ್ಯಾದ್ರಿಯಲ್ಲೇ ಇದೆಯಲ್ಲ! ಮರಾಠಿಯವರು ಕಾಂಡೋಳ ಅಂತಾರೆ, ಕಲ್ಲುಗುಡ್ಡದಲ್ಲೂ ಬರುತ್ತೆ, ಬೇಸಿಗೆಯಲ್ಲಿ ಎಲೆ ಉದುರಿಸಿ ಬೆಳ್ಳಗೆ ಹೊಳೀತಾ ನಿಂತ್ರೆ ಬರ್ಚ್‌ಗಿಂತ ಚೆಂದ ಅನ್ನೋದು ನನ್ನ ಖಚಿತ ಅಭಿಪ್ರಾಯ. ತೊಗಟೆ ಕೂಡ ಹಾಳೆಹಾಳೆಯಾಗಿ ಸುಲಿಯುತ್ತೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ, ನೀರು ನಿಲ್ಲದ ಜಾಗದಲ್ಲಿ ನೆಡಿ. ಕಾಯಿ ಮೇಲಿನ ಸುಂಕು ಚುಚ್ಚುತ್ತೆ, ಹಾಗಾಗಿ ಮಕ್ಕಳು ಆಡೋ ಕಡೆ ಬೇಡ. ಜಾಗ ತೇವ ಇದ್ರೆ ಹೊಳೆಮತ್ತಿ ಹಾಕಿ, ಅದೂ ಬೂದುಬಿಳಿ ಕಾಂಡದ್ದೇ, ಆದ್ರೆ ದೊಡ್ಡ ಮರ ಆಗುತ್ತೆ, ಮನೆಗೆ ಅಂಟಿಸಿ ಬೇಡ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ಮಗನ ಮನೆ ಮುಂದಿನ ಬಿಳಿ ಬರ್ಚ್ ತುದಿಯಿಂದ ಒಣಗ್ತಾ ಬರ್ತಿದೆ. ಏನು ಮಾಡ್ಲಿ?
— ಓದುಗರು, ಔಂಧ್

ಉತ್ತರ: ಕಾಂಡದಲ್ಲಿ ಇಂಗ್ಲಿಷಿನ ಡಿ ಆಕಾರದ ಸಣ್ಣ ತೂತುಗಳಿವೆಯಾ ನೋಡೋಕೆ ಹೇಳಿ. ಇದ್ರೆ ಅದು ಬ್ರಾಂಜ್ ಬರ್ಚ್ ಬೋರರ್ ಅನ್ನೋ ಜೀರುಂಡೆ, ಅದರ ಮರಿಹುಳು ತೊಗಟೆ ಅಡಿಯಲ್ಲಿ ಕೊರೆದು ಆಹಾರ, ನೀರು ಹರಿಯೋ ದಾರಿನೇ ಕತ್ತರಿಸುತ್ತೆ, ನೀರಿಲ್ಲದೆ ಸೊರಗಿದ ಮರಕ್ಕೇ ಮೊದಲು ಬೀಳೋದು. ತುದಿ ಮಾತ್ರ ಒಣಗಿದ್ರೆ ಅಲ್ಲಿನ ಮರದ ಡಾಕ್ಟರನ್ನ ಬೇಗ ಕರೆಸ್ಲಿ, ಬುಡದ ಸುತ್ತ ಲಾನ್ ತೆಗೆದು ಮರದ ಚೂರು ಹರಡಿ ಆಳಕ್ಕೆ ನೀರು ಕೊಡ್ಲಿ. ಅರ್ಧಕ್ಕಿಂತ ಹೆಚ್ಚು ಹೋಗಿದ್ರೆ ಕಡಿಸಿ, ಅದೇ ಜಾಗಕ್ಕೆ ರಿವರ್ ಬರ್ಚ್ ಹಾಕ್ಲಿ, ಅದಕ್ಕೆ ಈ ಹುಳುವಿನ ಕಾಟ ತೀರಾ ಕಡಿಮೆ, ಸೆಕೆನೂ ತಡೆಯುತ್ತೆ.