ಅಜ್ಜನ ದೋಣಿಗೆ ಮತ್ತೆ ಹಾಯಿ

ಪ್ರಶ್ನೆ: ಬಡಿಗೇರ ಕಾಕಾ, ನಮ್ಮಜ್ಜ ಮುಂಬೈಯಲ್ಲಿ ಕೊಂಡುತಂದ ಅಮೆರಿಕದ ಓಲ್ಡ್ ಟೌನ್ ಕಂಪನಿಯ ಕನೂ ದೋಣಿಯನ್ನು ಪಡಸಾಲೆಯ ತೊಲೆಗೆ ತೂಗುಹಾಕಿದ್ದೇವೆ. ಒಳಗೆ ಮರ, ಹೊರಗೆ ಕ್ಯಾನ್ವಾಸ್. ಮೊದಲು ಹಾಯಿ ಇತ್ತಂತೆ, ಈಗ ಕಂಬವೂ ಇಲ್ಲ. ಆಲಮಟ್ಟಿ ಹಿನ್ನೀರಿನಲ್ಲಿ ಹಾಯಿ ಕಟ್ಟಿ ಬಿಡುವ ಆಸೆ. ಎಲ್ಲಿಂದ ಶುರು ಮಾಡಲಿ?
– ಓದುಗ, ಬೀಳಗಿ

ಉತ್ತರ: ತಮ್ಮಾ, ಮೊದಲು ಬೈರಿಗೆ ಕೆಳಗಿಡು. ಹೊಸ ತೂತು ಒಂದೂ ಬೇಡ. ಮುಂದಿನ ಆಸನದಲ್ಲಿ ದುಂಡನೆಯ ತೂತಿದೆಯೇ ನೋಡು. ಅದರ ಕೆಳಗೆ, ತಳದಲ್ಲಿ, ಗುಳಿ ತೋಡಿದ ಮರದ ತುಂಡಿರಬೇಕು. ಕಂಬದ ಬುಡ ಕೂರುವುದು ಅಲ್ಲೇ. ತುಂಡು ಕಿತ್ತುಹೋಗಿದ್ದರೂ ಅದನ್ನು ಬಿಗಿದಿದ್ದ ಗುರುತು ಉಳಿದಿರುತ್ತದೆ. ಕೃಷ್ಣೆಯ ನಾವೆ ರಿಪೇರಿ ಮಾಡುವಾಗ ನಮ್ಮಪ್ಪ ಮೊದಲು ಹೆಬ್ಬೆರಳು ಆಡಿಸುತ್ತಿದ್ದ. ಸವೆದ ಜಾಗ ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತದೆ. ನಾನೊಮ್ಮೆ ಅವಸರದಲ್ಲಿ ಅಂದಾಜಿಗೆ ಕೊರೆದೆ. ಬಣ್ಣ ಕೆರೆದಾಗ ನಿಜವಾದ ತೂತು ಒಂದು ಗೇಣು ಮುಂದಿತ್ತು. ಆ ಹಲಗೆ ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ದೋಣಿಯ ತುದಿಯ ಒಳಗಡೆ, ತಳದ ಕಟ್ಟಿಗೆಯ ಮೇಲೆ ಅಂಕಿ ಒತ್ತಿರುತ್ತಾರೆ. ಮೊದಲು ಕ್ರಮಸಂಖ್ಯೆ, ಆಮೇಲೆ ಉದ್ದ. 17 ಎಂದರೆ 17 ಅಡಿ. ಕೆರೆಯುವ ಮೊದಲೇ ಬರೆದಿಟ್ಟುಕೋ. ಆ ಕಂಪನಿಯ ಹಳೇ ದಾಖಲೆಗಳು ಬಹುಪಾಲು ಉಳಿದಿವೆ. ಯಾವ ಮರ, ಯಾವ ಬಣ್ಣ, ಯಾವತ್ತು ರವಾನೆಯಾಯಿತು ಎಲ್ಲ ಸಿಗುತ್ತದೆ.

ಇಂಥ ದೋಣಿಗೆ ಹೆಚ್ಚಾಗಿ ಲ್ಯಾಟೀನ್ ಹಾಯಿ. ಮೂರು ಮೂಲೆಯ ಬಟ್ಟೆ, ಮುಂದಿನ ಮೂಲೆಯಲ್ಲಿ ಕೂಡುವ ಎರಡು ಉದ್ದ ಗಳ, ಗಿಡ್ಡ ಕಂಬ. ಒಂದು ಹಗ್ಗ ಬಿಟ್ಟರೆ ಹಾಯಿ ಇಳಿಯುತ್ತದೆ. ಗಳಕ್ಕೆ ಅಲ್ಲಿಯವರು ಹಗುರವಾದ ಸ್ಪ್ರೂಸ್ ಬಳಸುತ್ತಾರೆ. ಸಾಗವಾನಿ ಬೇಡ, ಮೇಲೆ ಭಾರವಾದರೆ ದೋಣಿ ಹೊರಳುತ್ತದೆ. ಮೊದಲು ಒಣ ಬಿದಿರು, ತಾಡಪತ್ರಿ ಕಟ್ಟಿ ನೋಡು. ಅಳತೆ ಕೂಡಿದ ಮೇಲೆ ಹತ್ತಿ ಬಟ್ಟೆ ಹೊಲಿಸು.

ಲೀಬೋರ್ಡ್ ಮರೆಯಬೇಡ. ಎರಡೂ ಬದಿ ನೀರಿಗಿಳಿಯುವ ಹಲಗೆ ಅದು. ಇಲ್ಲದಿದ್ದರೆ ಅಡ್ಡಗಾಳಿಗೆ ದೋಣಿ ಏಡಿಯ ಹಾಗೆ ಪಕ್ಕಕ್ಕೆ ಸರಿಯುತ್ತದೆ. ಅದರ ಅಡ್ಡಪಟ್ಟಿಯನ್ನು ಕಂಬಕ್ಕಿಂತ ತುಸು ಹಿಂದೆ, ಅಂಚಿಗೆ ಕ್ಲ್ಯಾಂಪ್ ಹಾಕಿ ಬಿಗಿ. ಇದಕ್ಕೂ ತೂತು ಬೇಕಿಲ್ಲ. ದೋಣಿ ಪದೇಪದೇ ಗಾಳಿಯ ಕಡೆ ಮೂತಿ ತಿರುಗಿಸಿದರೆ ಹಲಗೆಯನ್ನು ನಾಲ್ಕು ಬೆರಳು ಹಿಂದೆ ಸರಿಸು. ಗಾಳಿಗೆ ಬೆನ್ನು ಕೊಟ್ಟರೆ ಮುಂದೆ.

ಆಷಾಢದ ಗಾಳಿಯಲ್ಲಿ ಮಾತ್ರ ಇಳಿಸಬೇಡ. ಹಿನ್ನೀರಿನಡಿ ಮುಳುಗಿದ ಊರಿನ ಗೋಡೆಗಳಿವೆ, ಗಿಡದ ಬೊಡ್ಡೆಗಳಿವೆ. ಕ್ಯಾನ್ವಾಸ್ ಸೀಳಲು ಒಂದು ಸಾಕು. ಅವು ಎಲ್ಲೆಲ್ಲಿವೆ ಎಂಬುದು ಅಂಬಿಗರಿಗೆ ಗೊತ್ತು. ಮೊದಲ ದಿನ ಅವರಲ್ಲೊಬ್ಬರನ್ನು ಮುಂದೆ ಕೂರಿಸಿಕೋ, ಇಬ್ಬರಿಗೂ ಲೈಫ್ ಜಾಕೆಟ್ ಇರಲಿ.