ಹಳೆ ಜಾಝ್ ವಿಡಿಯೋಗಳಲ್ಲಿ ಟ್ರಂಪೆಟ್‌ನವರು ಎಡಗೈಯಲ್ಲಿ ನುಡಿಸುವಂತೆ ಕಾಣುವುದು ಯಾಕೆ?

ಅವರು ಎಡಚರಲ್ಲ, ಚಿತ್ರವೇ ಎಡಬಲ ತಿರುಗಿದೆ. ಇಂಥ ಮೂರು ನಿಮಿಷದ ಕಪ್ಪು-ಬಿಳುಪು ತುಣುಕುಗಳಲ್ಲಿ ಬಹಳಷ್ಟು 1940ರ ದಶಕದ ಅಮೆರಿಕದ 'ಸೌಂಡಿ'ಗಳು. ಬಾರ್, ಹೋಟೆಲ್‌ಗಳಲ್ಲಿದ್ದ 'ಪನೋರಾಮ್' ಪೆಟ್ಟಿಗೆಗೆ 10 ಸೆಂಟ್ ಹಾಕಿದರೆ ಒಂದು ಹಾಡು ಓಡುತ್ತಿತ್ತು. ಪೆಟ್ಟಿಗೆಯೊಳಗೆ ಜಾಗ ಕಮ್ಮಿ. ಹಾಗಾಗಿ ಪ್ರೊಜೆಕ್ಟರಿನ ಬೆಳಕನ್ನು ಕನ್ನಡಿಗಳಿಂದ ತಿರುಗಿಸಿ, ಪರದೆಗೆ ಹಿಂದಿನಿಂದ ಬೀಳಿಸುತ್ತಿದ್ದರು. ಆಗ ಚಿತ್ರ ಉಲ್ಟಾ ಆಗುತ್ತದಲ್ವಾ? ಅದಕ್ಕೇ ಫಿಲ್ಮನ್ನು ಮೊದಲೇ ಉಲ್ಟಾ ಪ್ರಿಂಟ್ ಮಾಡುತ್ತಿದ್ದರು. ಆ ಪ್ರಿಂಟನ್ನು ಕನ್ನಡಿಯಿಲ್ಲದೆ, ಹಾಗೇ ಕಾಪಿ ಮಾಡಿದರೆ ನೀವು ನೋಡಿದ್ದು ಬರುತ್ತದೆ.

ಅನುಮಾನ ಬಂದರೆ ದಾವಣಗೆರೆಯ ಯಾವುದಾದರೂ ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ ನೋಡಿ: ಟ್ರಂಪೆಟ್‌ನ ಮೂರು ಗುಂಡಿ ಒತ್ತುವುದು ಬಲಗೈ ಬೆರಳು. ವಿಡಿಯೋದಲ್ಲಿ ಕೋಟಿನ ಎದೆಜೇಬೂ ತೊಟ್ಟವರ ಬಲಕ್ಕಿದ್ದರೆ ಅನುಮಾನವೇ ಬೇಡ. ಪಿಯಾನೋ ಇದ್ದರಂತೂ ಇನ್ನೂ ಸುಲಭ, ದಪ್ಪ ಸ್ವರದ ಮನೆಗಳು ನುಡಿಸುವವರ ಎಡಕ್ಕೇ ಇರಬೇಕು.

ಹಾಗಂತ ತಿರುಗಿಸಿ ನೋಡಿದರೂ ಬೆರಳು, ಸ್ವರ ಪೂರ್ತಿ ಹೊಂದುವುದಿಲ್ಲ. ಹಾಡನ್ನು ಮೊದಲೇ ರೆಕಾರ್ಡ್ ಮಾಡಿ, ಆಮೇಲೆ ಕ್ಯಾಮೆರಾ ಮುಂದೆ ಸುಮ್ನೆ ನುಡಿಸಿದಂತೆ ನಟಿಸುತ್ತಿದ್ದರು. ಬೆರಳು ನೋಡಿ ಯಾವ ಸ್ವರ ಅಂತ ಗೆಳೆಯರ ಹತ್ತಿರ ವಾದಕ್ಕೆ ಇಳಿಯಬೇಡಿ.